ಮೇಲಕ್ಕೆ ಎಸೆಯಿರಿ

ಸ್ವಿಫ್ಟ್ ಜಾತಿಯ ಬಾನಾಡಿ ಹಕ್ಕಿಯ ಮರಿ ಬೊಗುಮಿಲಾಳ ಅಂಗೈಯಲ್ಲಿ ಇನ್ನೂ ಬಿಸಿಯಾಗಿತ್ತು. ಒಂದು ರೆಕ್ಕೆ ಮುರಿದು ಜೋತಿತ್ತು. ತಂದವನು ಅವಳ ಹಳೆಯ ಶಿಷ್ಯ, ಈಗ ಪೋಲೆಂಡಿನ ಲುಬ್ಲಿನ್ ಊರಲ್ಲಿ ಮೇಷ್ಟರಾಗಿರುವ ಝೆನನ್.

“ಹಕ್ಕಿ ಪುಸ್ತಕದಲ್ಲಿ ನೀವೇ ಬರೆದಿದ್ದಲ್ವಾ ಮೇಡಂ? ಬಾನಾಡಿ ನೆಲಕ್ಕೆ ಬಿದ್ರೆ ತಾನಾಗಿ ಏಳಲ್ಲ, ಮೇಲಕ್ಕೆ ಎಸೀರಿ, ಹಾರತ್ತೆ ಅಂತ. ಮಕ್ಕಳು ಎಸೆದ್ರು.”

“ರೆಕ್ಕೆ ಬಲಿತಿದೆಯಾ ಅಂತ ನೋಡಿದ್ಯೇನೋ?”

“ಅದನ್ನ ನೀವು ಬರೀಲಿಲ್ವಲ್ಲ.”

ಬರೆದಿರಲಿಲ್ಲ. ಅಷ್ಟು ಯಾರಿಗೆ ಗೊತ್ತಿರುವುದಿಲ್ಲ ಎಂದುಕೊಂಡಿದ್ದಳು. ಕೊಕ್ಕಿಗೆ ಹಿಡಿದ ನೀರಿನ ಹನಿ ಒಳಗೆ ಹೋಗದೆ ಜಾರಿತು.

“ಪುಸ್ತಕ ಇನ್ಯಾರ ಹತ್ರ ಇದೆ?”

“ಏನ್ ಮೇಡಂ ಹೀಗೆ ಕೇಳ್ತೀರಾ,” ಎಂದ, ತುಸು ಹೆಮ್ಮೆಯಿಂದಲೇ. “ಊರಿನ ಎಲ್ಲಾ ಶಾಲೇಲೂ ಆ ಸಾಲು ಬಾಯಿಪಾಠ. ಈ ಸೆಕೆಗೆ ಗೂಡಿಂದ ಮರಿಗಳು ಉದುರ್ತಾನೇ ಇವೆ. ಮಕ್ಕಳು ಆರಿಸ್ಕೊಂಡು ಚಾವಣಿ ಹತ್ತಿದಾರೆ.”