ಎಮ್ಮೆಯ ಹೊಟ್ಟೆಯಲ್ಲಿ ಸಿಕ್ಕಿದ್ದು

ಶನಿವಾರ ಬೆಳಿಗ್ಗೆ ಏಳೂವರೆ. ಪಾರಿಶ್ವಾಡದ ಪ್ರೌಢಶಾಲೆಯ ಹಿಂದೆ ಭರಮವ್ವನ ಎಮ್ಮೆ ಗೋಣಿಚೀಲ ಹರಿದು, ಒಳಗಿದ್ದ ಪ್ಲಾಸ್ಟಿಕ್ ಚೀಲಗಳನ್ನು ಅಗಿಯುತ್ತಿತ್ತು. ಬಾಯಿಂದ ಒಂದು ನೀಲಿ ತುದಿ ಜೋತಾಡುತ್ತಿತ್ತು. ವಿಜ್ಞಾನದ ಶಿಕ್ಷಕ ಪದ್ಮಾಕರ ಓಡಿಬಂದು ಅದನ್ನು ಹಿಡಿಯುವಷ್ಟರಲ್ಲಿ ಎಮ್ಮೆ ನುಂಗಿಬಿಟ್ಟಿತು.

ಚೀಲಗಳನ್ನು ಅಲ್ಲಿ ಕೂಡಿಹಾಕಿಸಿದ್ದು ಅವರೇ. ಪರಿಸರದ ಪಾಠವೆಂದು ಒಂಬತ್ತನೆಯ ತರಗತಿಯ ಮಕ್ಕಳು ವಾರವಿಡೀ ಬಸ್ ನಿಲ್ದಾಣ, ಸಂತೆಬಯಲು ತಿರುಗಿ ಆರಿಸಿ ತಂದಿದ್ದರು. ಬೆಳಗಾವಿಯ ಆಟೋ ನಗರದ ಗುಜರಿ ವ್ಯಾಪಾರಿ ಶುಕ್ರವಾರ ಟೆಂಪೊ ಕಳಿಸುತ್ತೇನೆಂದವನು ಕಳಿಸಿರಲಿಲ್ಲ. ತುಂಬಿಡಲು ಗೋಣಿಚೀಲ ಬೇಕಾದಾಗ ಮಕ್ಕಳು ಕೇಳಿ ತಂದದ್ದು ದುಂಡಪ್ಪನ ಬೆಲ್ಲದ ಗಾಣದಿಂದ. ಕಬ್ಬಿನ ಹಂಗಾಮು, ಗೋಣಿಗಳಿಗೆ ಬೆಲ್ಲ ಅಂಟಿಕೊಂಡೇ ಇತ್ತು. ಅದು ಮಕ್ಕಳಿಗೂ ಹೊಳೆದಿರಲಿಲ್ಲ, ಶಿಕ್ಷಕರಿಗೂ ಹೊಳೆದಿರಲಿಲ್ಲ. ಎಮ್ಮೆಗೆ ಹೊಳೆದಿತ್ತು.

ಒಂಬತ್ತರ ಹೊತ್ತಿಗೆ ಎಮ್ಮೆಯ ಎಡಪಕ್ಕೆ ಉಬ್ಬಿ ನಿಂತಿತು. ಭರಮವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

“ಏನ್ರೀ ಮಾಸ್ತರ್ರ, ಹುಡುಗೂರಿಗೆ ಕಲಸೂದು ಮುಗೀತು, ಇನ್ನ ನಮ್ಮ ಎಮ್ಮಿಗೂ ಸಾಲಿ ಕಲಸಾಕ ಹತ್ತೀರೇನು?”

“ತಪ್ಪಾಗೈತ್ರೀ ಭರಮವ್ವಾರ. ಖಾನಾಪುರದ ದನದ ಡಾಕ್ಟರಿಗೆ ಫೋನ್ ಮಾಡೇನಿ. ಹೊಂಟಾರ.”

“ನಮ್ಮ ಮನಿ ನಡಿಯೂದ ಇದರ ಹಾಲಿನ ಮ್ಯಾಲ. ಇದು ಹೋತಂದ್ರ ನಿಮ್ಮ ಪುಸ್ತಕದಾಗಿನ ಎಮ್ಮಿ ಹಿಂಡ್ಲೇನು ನಾನು?”

ಭರಮವ್ವನ ಕಿರಿಯ ಮಗಳು ಮನಿಷಾ ಅದೇ ತರಗತಿಯವಳು. ಎಲ್ಲರಿಗಿಂತ ಹೆಚ್ಚು ಚೀಲ ಆರಿಸಿ ತಂದವಳೂ ಅವಳೇ. ಎಮ್ಮೆಯ ಕುತ್ತಿಗೆ ತಬ್ಬಿ ನಿಂತು, “ಒಂದ ಚೀಲ ಹೊಟ್ಯಾಗ ಹೋದ್ರ ಸಾಕು, ದನ ಸಾಯ್ತಾವ ಅಂತ ನೀವ ಹೇಳಿದ್ರೆಲ್ರೀ ಸರ” ಎಂದಳು.

ಪದ್ಮಾಕರ ಹಾಗೆ ಹೇಳಿದ್ದು ನಿಜ. ಇರುವೆ ತುಳಿಯದಂತೆ ನೆಲ ನೋಡಿ ನಡೆಯಬೇಕೆಂಬ ಜೈನರ ಮನೆಯಲ್ಲಿ ಬೆಳೆದವರು ಅವರು. ತಮ್ಮ ಪಾಠದಿಂದಲೇ ಒಂದು ಜೀವ ಹೋಗುತ್ತದೆಂಬುದನ್ನು ಅವರಿಗೆ ತಾಳಿಕೊಳ್ಳಲಾಗಲಿಲ್ಲ.

ಡಾಕ್ಟರ್ ರಾಮಲಿಂಗ ಬೈಕಿನಲ್ಲಿ ಬಂದರು. ಎಮ್ಮೆಯ ಪಕ್ಕೆಯನ್ನು ಮುಷ್ಟಿಯಿಂದ ಒತ್ತಿ, ಇನ್ನೊಮ್ಮೆ ಒತ್ತಿ, “ಮೇವು ಯಾವಾಗಿಂದ ಕಡಿಮಿ ಆಗೈತಿ?” ಎಂದು ಕೇಳಿದರು.

“ಇವತ್ತ ಮುಂಜಾನಿಂದ,” ಪದ್ಮಾಕರ ಹೇಳಿದರು.

“ನಿಮ್ಮನ್ನ ಕೇಳಲಿಲ್ರೀ ಸರ. ಎಮ್ಮಿ ಇವರದು, ಇವರು ಹೇಳ್ಲಿ.”

ಭರಮವ್ವ ಸ್ವಲ್ಪ ತಡವರಿಸಿದಳು. “ದೀಪಾವಳಿಯಿಂದ ಜರಾ ಕಡಿಮೀನ ಐತ್ರಿ. ಹಾಲೂ ಇಳದಾವ. ಯಾರದೋ ಕಣ್ಣ ಬಿದ್ದೈತಿ ಅಂತ ಕೊಳ್ಳಾಗ ಕರೇ ದಾರ ಕಟ್ಟೇನಿ.”

ಡಾಕ್ಟರು ಕಪ್ಪು ದಾರ ನೋಡಿದರು. ಶಾಲೆಯ ಬೇವಿನ ಮರಕ್ಕೆ ಎಮ್ಮೆಯನ್ನು ಕಟ್ಟಿಸಿ, ಪಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಪದ್ಮಾಕರ ಮಕ್ಕಳನ್ನು ಮನೆಗೆ ಕಳಿಸಲು ಹೊರಟಾಗ, “ಇರ್ಲಿ ಬಿಡ್ರಿ, ದೂರ ನಿಂತು ನೋಡ್ಲಿ” ಎಂದರು. ಎಮ್ಮೆ ನಿಂತೇ ಇತ್ತು. ಹಗ್ಗವನ್ನು ಪದ್ಮಾಕರರೇ ಹಿಡಿದರು.

ಪಕ್ಕೆ ಕೊಯ್ದು ಹೊಟ್ಟೆಯೊಳಗೆ ಕೈ ಹಾಕಿದಾಗ ಮೊದಲು ಬಂದದ್ದು ಮೂರು ಚೀಲ. ಬಣ್ಣ ಮಾಸಿರಲಿಲ್ಲ, ಒಂದು ನೀಲಿ. ಡಾಕ್ಟರು ಅವನ್ನು ಬದಿಗಿಟ್ಟು ತೋಳಿನವರೆಗೂ ಕೈ ಇಳಿಸಿದರು. ಬಹಳ ಹೊತ್ತು ಒಳಗೇ ತಡಕಾಡಿದರು. ಕೊನೆಗೆ ತುಂಡು ತುಂಡಾಗಿ ಎಳೆದು ಹಾಕಿದ್ದು ಒಂದು ಬುಟ್ಟಿ ತುಂಬಿತು. ಕರ್ರಗೆ, ಹಗ್ಗದ ಹಾಗೆ ಹೊಸೆದುಕೊಂಡಿದ್ದ ಪ್ಲಾಸ್ಟಿಕ್. ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡರು. ಆದರೆ ಯಾರೂ ಹಿಂದೆ ಸರಿಯಲಿಲ್ಲ.

“ಸರ, ಈ ಮೂರು ನಿಮ್ಮವು,” ಪಕ್ಕೆಗೆ ಹೊಲಿಗೆ ಹಾಕುತ್ತ ಡಾಕ್ಟರು ಹೇಳಿದರು. “ಉಳಿದದ್ದು ಊರಿಂದು. ವರ್ಷಗಟ್ಲೆ ಒಳಗ ಕುಂತಿದ್ದು. ಬೆಲ್ಲ ತಿಂದು ಇವತ್ತ ಹೊಟ್ಟಿ ಉಬ್ಬಿದ್ದ ಚಲೋ ಆತು. ಇಲ್ಲಾಂದ್ರ ನೀವು ನನ್ನ ಕರೀತಿದ್ದಿಲ್ಲ, ಇದು ಮಳಿಗಾಲ ಕಾಣ್ತಿದ್ದಿಲ್ಲ.”

“ಹಂಗಾರ ಬದಕತೈತೇನ್ರೀ?” ಭರಮವ್ವ ಕೇಳಿದಳು.

“ಬದಕಾಕ ಏನ ಧಾಡಿ? ಎರಡ ದಿನ ಮೆತ್ತಗಿನ ಹುಲ್ಲು ಹಾಕ್ರಿ.”

ಪದ್ಮಾಕರ ಹಗ್ಗವನ್ನು ಮನಿಷಾಳ ಕೈಗೆ ಕೊಟ್ಟು ಅಲ್ಲೇ ನೆಲದ ಮೇಲೆ ಕುಳಿತರು. ಯಾರೋ ತಂದಿಟ್ಟು ಆರಿಹೋಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

“ಮ್ಯಾಲ ಕುಂದರ್ರಿ ಮಾಸ್ತರ್ರ, ಕುರ್ಚಿ ಐತಿ,” ಎಂದಳು ಭರಮವ್ವ. ದನಿಯಲ್ಲಿ ಸಿಟ್ಟಿರಲಿಲ್ಲ.

ಮನಿಷಾ ಕಡ್ಡಿಯಿಂದ ಬುಟ್ಟಿ ಕೆದಕಿ ಒಂದು ತುಂಡನ್ನು ಬಿಡಿಸಿದಳು. ಮಾಸಿದ ಕೆಂಪು ಅಕ್ಷರ ಕಂಡವು: ಶುಭ ವಿವಾಹ. ಕೆಳಗೆ, ಸಪ್ನಾ.

“ಅವ್ವಾ, ಅಕ್ಕನ ಮದವಿ ಚೀಲ!”

ಎರಡು ವರ್ಷದ ಹಿಂದೆ ದೊಡ್ಡ ಮಗಳ ಮದುವೆಗೆ ಭರಮವ್ವ ಹೆಸರು ಅಚ್ಚು ಹಾಕಿಸಿ ತರಿಸಿದ್ದ ಚೀಲಗಳವು. ಬಂದವರಿಗೆಲ್ಲ ಅವುಗಳಲ್ಲಿ ತೆಂಗಿನಕಾಯಿ, ಹೋಳಿಗೆ ಕಟ್ಟಿಕೊಟ್ಟಿದ್ದಳು. ಮಿಕ್ಕ ಹೋಳಿಗೆ ಹಳಸಿದಾಗ ಚೀಲದ ಸಮೇತ ಹಿತ್ತಲ ತಿಪ್ಪೆಗೆ ಎಸೆದಿದ್ದಳು.

ಭರಮವ್ವ ಬಗ್ಗಿ ನೋಡಿದಳು. ಮಗಳ ಹೆಸರನ್ನು ಬೆರಳಿನಿಂದ ಒರೆಸಿದಳು. ಆಮೇಲೆ ನಕ್ಕುಬಿಟ್ಟಳು.

“ಊರ ಮಂದಿಗೆಲ್ಲಾ ಹಂಚಿದ್ವಿ. ಇದಕ್ಕೂ ಮುಟ್ಟೈತಿ ನೋಡ್ರಿ.”

ಸೋಮವಾರ ಬೆಳಿಗ್ಗೆ ಎಮ್ಮೆ ಮೆಲುಕು ಹಾಕಿತು. ಅಂದು ಸಂಜೆ ಭರಮವ್ವ ಸಲಿಕೆ ಹಿಡಿದು ಹಿತ್ತಲ ತಿಪ್ಪೆ ಕೆದರಿದಳು. ಕತ್ತಲಾಗುವವರೆಗೂ ಚೀಲಗಳು ಬರುತ್ತಲೇ ಇದ್ದವು.