ಟಾಂಕಿಗಿಳಿದ ಯಂತ್ರ

ಆ ದಿನ ಬೆಳಿಗ್ಗೆ ಬಂದರಿನಲ್ಲಿ ಗಾಳಿಯೇ ಇರಲಿಲ್ಲ. ಮೇ ತಿಂಗಳ ಮೋಡ ಕಾವಲಿಯ ಮುಚ್ಚಳದ ಹಾಗೆ ನದಿಯ ಮೇಲೆ ಕೂತಿತ್ತು. ಒಂದು ಹನಿ ಬಿದ್ದಿರಲಿಲ್ಲ. ಜಯಪಾಲ ಶೆಟ್ಟರ ಹೋಟೆಲಿನ ಹಿತ್ತಿಲಲ್ಲಿ ನಿಂತವರೆಲ್ಲ ಬೆವರುತ್ತಿದ್ದರು. ಅಯ್ಯೂಬನ ಮುಖವನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ.

"ಹದಿನಾಲ್ಕು ವರ್ಷದಿಂದ ತೊಳೀತಾ ಇದ್ದಿ," ಎಂದರು ಜಯಪಾಲ. "ಎಂತ ತೊಳೆದದ್ದು ಅಂತ ಇವತ್ತು ನೋಡುವ."

"ನೋಡಿ ಧಣಿ. ಟಾಂಕಿ ಅಲ್ಲೇ ಉಂಟು."

ನಾಲ್ಕು ಕಂಬಗಳ ಮೇಲೆ, ನಲವತ್ತು ಅಡಿ ಎತ್ತರದಲ್ಲಿ ಟಾಂಕಿ ಇತ್ತು. ಹೋಟೆಲಿನ ಅಡುಗೆಗೆ, ಮೇಲಿನ ಕೋಣೆಗಳಿಗೆ, ಹಮಾಲಿಗಳು ಕುಡಿಯುವ ಬೀದಿಯ ನಲ್ಲಿಗೆ, ಎಲ್ಲದಕ್ಕೂ ಅದೇ ನೀರು. ಮೂರು ವಾರದಲ್ಲಿ ಹತ್ತು ಜನರಿಗೆ ಕಾಮಾಲೆ ಬಂತು. ಹನ್ನೊಂದನೆಯವಳು ಜಯಪಾಲರ ಮಗಳು ಶಶಿಪ್ರಭಾ. ಆಸ್ಪತ್ರೆಯಲ್ಲಿ ಮಲಗಿದ ಮಗುವಿನ ಕಣ್ಣು ಅರಸಿನದ ಬಣ್ಣಕ್ಕೆ ತಿರುಗಿತ್ತು. ಎಲ್ಲರೂ ಟಾಂಕಿ ಎಂದರು. ಟಾಂಕಿ ಎಂದರೆ ಅಯ್ಯೂಬ್.

ನೀರು ಖಾಲಿ ಮಾಡಿ ನೋಡಿ ಎಂದು ಅವನೇ ಹೇಳಿದ್ದ. ಆದರೆ ಎಂಬತ್ತಾರನೇ ಇಸವಿಯ ಆ ಬೇಸಗೆಯಲ್ಲಿ ನಲ್ಲಿಗೆ ನೀರು ಬರುತ್ತಿದ್ದುದೇ ಎರಡು ದಿನಕ್ಕೊಮ್ಮೆ. ತುಂಬಿದ ಟಾಂಕಿಯನ್ನು ಯಾರು ಚರಂಡಿಗೆ ಬಿಡುತ್ತಾರೆ? ಹಾಗಾಗಿ ನೀರು ಖಾಲಿ ಮಾಡದೆಯೇ ಒಳಗೆ ನೋಡುವ ಯಂತ್ರ ಹಿಡಿದು ಕುಲಶೇಖರದಿಂದ ಕಜೆಟನ್ ಬಂದಿದ್ದ.

ಕಜೆಟನ್ ಒಂಬತ್ತು ವರ್ಷ ಬಹರೈನಿನಲ್ಲಿದ್ದವನು. ಅವನ ಯಂತ್ರ ಒಂದು ದೊಡ್ಡ ಹಲಸಿನ ಹಣ್ಣಿನಷ್ಟಿತ್ತು. ಹಳದಿ ಬಣ್ಣ, ಹಿಂದೆ ಎರಡು ಪಂಕ, ಮುಂದೆ ಗಾಜಿನ ಕಣ್ಣು. ಅದು ನೀರಿನೊಳಗೆ ತಾನೇ ಈಜುತ್ತದೆ. ಅದರ ಕಣ್ಣಿಗೆ ಕಂಡದ್ದು ವಯರಿನಲ್ಲಿ ಇಳಿದು ಟಿವಿಗೆ ಬರುತ್ತದೆ ಎಂದ. ಹಿತ್ತಿಲ ಮೇಜಿನ ಮೇಲೆ ಟಿವಿ ಇಟ್ಟ. ಕೆಳಗೆ ಕಪ್ಪು ಬಟ್ಟೆ ಹೊದಿಸಿದ ಪೆಟ್ಟಿಗೆ. ಚಿತ್ರ ಹಿಡಿಯುವ ಪೆಟ್ಟಿಗೆ, ಬೆಳಕು ತಾಗಬಾರದಂತೆ.

"ಇದನ್ನು ಮೇಲೆ ಹೊರುವವರು ಯಾರು ಪೊರ್ಬುಗಳೇ?" ಎಂದು ಹೋಟೆಲಿನ ಮ್ಯಾನೇಜರ್ ತಾರಾನಾಥ ರೈ ಕಜೆಟನನ್ನು ಕೇಳಿದ. ಊರಲ್ಲಿ ಕ್ರಿಶ್ಚಿಯನ್ನರನ್ನು ಹಾಗೆಯೇ ಕರೆಯುವುದು.

"ನಾನು ಕೆಳಗೇ ಇರಬೇಕು. ಗುಂಡಿ ಒತ್ತಬೇಕಲ್ಲ."

"ಹಾಗಾದರೆ ಅಯ್ಯೂಬನೇ ಹೊರಲಿ. ತನ್ನ ಹುಳುಕು ಹೇಳುವವನನ್ನು ತಾನೇ ಹೊತ್ತುಕೊಂಡು ಹೋಗಲಿ."

ಅಯ್ಯೂಬ್ ಲುಂಗಿ ಎತ್ತಿ ಕಟ್ಟಿ, ಏಣಿಯ ಬುಡದ ನಲ್ಲಿಯಲ್ಲಿ ಮೊಣಕಾಲಿನವರೆಗೆ ಸೋಪು ಹಚ್ಚಿ ತೊಳೆದ. ಅದು ಅವನ ಕ್ರಮ. ಟಾಂಕಿಯ ಏಣಿಯನ್ನು ಚಪ್ಪಲಿ ಕಾಲಲ್ಲಿ ಹತ್ತಲು ಅವನು ಯಾರನ್ನೂ ಬಿಟ್ಟದ್ದಿಲ್ಲ.

"ಕಾಲು ತೊಳೆದರೆ ಪಾಪ ಹೋಗ್ತದಾ ಮಾರಾಯ?" ಎಂದ ತಾರಾನಾಥ.

"ಇಲ್ಲ ರೈಗಳೇ. ಕೆಸರು ಹೋಗ್ತದೆ."

ಅವನು ಯಂತ್ರವನ್ನು ಎತ್ತಿ, ಒಮ್ಮೆ ಮೂಸಿದ. "ಇದು ಕೊನೆಗೆ ಮುಳುಗಿದ್ದು ಎಲ್ಲಿ?"

"ಬಹರೈನಿನ ಎಣ್ಣೆ ಕಂಪೆನಿಯಲ್ಲಿ. ಅದಕ್ಕೆ ನಿನ್ನ ಸರ್ಟಿಫಿಕೇಟು ಬೇಡ," ಎಂದ ಕಜೆಟನ್.

ಅಯ್ಯೂಬ್ ಏಣಿ ಹತ್ತಿ ಟಾಂಕಿಯ ಅಂಚಿನಾಚೆ ಮರೆಯಾದ. ಕಬ್ಬಿಣದ ಮುಚ್ಚಳ ಸರಿದ ಸದ್ದು ಬಂತು.

"ನೀರಿಗೆ ಬಿಡು," ಎಂದು ಕೂಗಿ ಕಜೆಟನ್ ಗುಂಡಿ ಒತ್ತಿದ. ಪಂಕಗಳ ಗುಂಯ್ ಎಂಬ ಸದ್ದು ಕೆಳಗಿನವರೆಗೂ ಸ್ಪಷ್ಟವಾಗಿ ಕೇಳಿಸಿತು. ಟಿವಿಯಲ್ಲಿ ಗೀರುಗಳು ಓಡಿದವು. ಆಮೇಲೆ ಕಪ್ಪು ನೀರು. ನೀರಲ್ಲೊಂದು ಬೆಳಕಿನ ಕೋಲು.

ಎಲ್ಲರೂ ಹತ್ತಿರ ಬಂದರು. ಪಾಚಿ, ಅಂಗೈ ದಪ್ಪದ ರಾಡಿ. ರಾಡಿಯಲ್ಲಿ ರೆಕ್ಕೆ ಬಿಚ್ಚಿಕೊಂಡು ಮಲಗಿದ ಸತ್ತ ಹಕ್ಕಿ. ಗೋಡೆಯಲ್ಲಿ ಉದ್ದನೆಯ ಬಿರುಕು, ಅದರೊಳಗೆ ತುಕ್ಕು ಹಿಡಿದ ಸರಳು.

ಆ ನೀರನ್ನು ಜಯಪಾಲರೇ ಲೋಟಕ್ಕೆ ಬಗ್ಗಿಸಿ ಮಗಳಿಗೆ ಕುಡಿಸಿದ್ದರು.

"ಧಣಿ, ಒಂದು ಸೋಪು ಕಳಿಸಿ," ಎಂದು ಮೇಲಿನಿಂದ ಅಯ್ಯೂಬ್ ಕೂಗಿದ.

ತಾರಾನಾಥ ನಕ್ಕ. "ಇಲ್ಲಿ ಹೆಣ ಕಾಣ್ತಾ ಉಂಟು, ಅವನಿಗೆ ಅಲ್ಲಿ ಸ್ನಾನ."

ಜಯಪಾಲ ನಗಲಿಲ್ಲ. "ಠಾಣೆಗೆ ಜನ ಕಳಿಸು."

"ತಳ ಮುಟ್ಟಿತು," ಎಂದ ಕಜೆಟನ್, ಗಟ್ಟಿಯಾಗಿ.

ಮೇಲಿನಿಂದ ಅಯ್ಯೂಬನ ಸ್ವರ: "ಯಾವುದರ ತಳ?"

"ನಿನ್ನ ಹದಿನಾಲ್ಕು ವರ್ಷದ್ದು," ಎಂದರು ಜಯಪಾಲ. "ಇಳಿದು ಬಾ. ಪೊಲೀಸರು ಬರ್ತಾರೆ."

ನೀರಿಗೆ ಬಾಯಿಲ್ಲ. ಅದರ ಪರವಾಗಿ ಯಾರಾದರೂ ಮಾತಾಡಬೇಕು. ಅಂದು ಮಾತಾಡಿದ್ದು ಯಂತ್ರ. ಯಂತ್ರಕ್ಕೆ ಸುಳ್ಳು ಹೇಳಿ ಗೊತ್ತಿಲ್ಲ ಎಂದು ಅಲ್ಲಿದ್ದ ಎಲ್ಲರೂ ನಂಬಿದ್ದರು.

ಕಜೆಟನ್ ಏಣಿಗೆ ಬೆನ್ನು ಹಾಕಿ ಕಾಗದ ಬಿಡಿಸಿದ. ಬಿರುಕು ಮುಚ್ಚುವುದು, ಬಹರೈನಿನ ಮದ್ದು ಹಾಕಿ ತೊಳೆಯುವುದು, ವರ್ಷಕ್ಕೆ ಎರಡು ಸಲ ಯಂತ್ರ ಇಳಿಸುವುದು. ಇನ್ನು ಮುಂದೆ ಎಲ್ಲವೂ ಅವನದೇ. "ಇಲ್ಲಿ ಒಂದು ಸೈನ್ ಶೆಟ್ರೇ, ಮಗುವಿನ ವಿಷಯ, ತಡ ಮಾಡಬಾರದು." ಜಯಪಾಲ ಪೆನ್ನಿನ ಮುಚ್ಚಳ ತೆಗೆದರು.

ಅಯ್ಯೂಬ್ ಒಂದೊಂದೇ ಮೆಟ್ಟಿಲು ಇಳಿದು ಬಂದ. ಅವಸರ ಇರಲಿಲ್ಲ. ಹೆಗಲ ಮೇಲಿನ ಭಾರವನ್ನು ಕಾಗದದ ಪಕ್ಕದಲ್ಲಿ ಮೆಲ್ಲನೆ ಇಳಿಸಿದ.

"ತಗೊಳ್ಳಿ ಪೊರ್ಬುಗಳೇ, ನಿಮ್ಮ ಯಂತ್ರ," ಎಂದ. "ಹೊಟ್ಟೆಗೆಲ್ಲ ಎಣ್ಣೆ ಮೆತ್ತಿದೆ. ಸೋಪು ಕೇಳಿದೆ, ಯಾರೂ ಕಳಿಸಲಿಲ್ಲ. ಜನ ಕುಡಿಯುವ ನೀರಿಗೆ ಇದನ್ನು ತೊಳೆಯದೆ ಬಿಡಲಿಕ್ಕೆ ನನಗೆ ಮನಸ್ಸು ಬರಲಿಲ್ಲ."

ಜಯಪಾಲ ಯಂತ್ರದ ಮೇಲೆ ಬೆರಳಾಡಿಸಿದರು. ಬೆರಳಿಗೆ ಜಿಡ್ಡು ಹತ್ತಿತು, ಧೂಳು ಹತ್ತಿತು. ತೇವ ಹತ್ತಲಿಲ್ಲ.

ಟಿವಿಯಲ್ಲಿ ಅದು ಇನ್ನೂ ಈಜುತ್ತಲೇ ಇತ್ತು.