ಕ್ಲೆಲಿಯಾಳ ಕೊಂಬು

ಎರಡನೇ ಏಟಿಗೆ ಎಲಿಸೆಯೊನ ಬಲಗೈ ಲಟಕ್ಕೆಂದು ಮುರಿಯಿತು. ಕರಿ ಅಂಗಿಯ ಫ್ಯಾಸಿಸ್ಟರು ಅವನನ್ನು ಕೂಲಿಕಾರರ ಸಂಘದ ಮೇಜಿಗೆ ಅದುಮಿ ಹಿಡಿದಿದ್ದರು. ಅಂಗಳದಲ್ಲಿ ಸಂಘದ ಕೆಂಪು ಬಾವುಟ, ಬೆಂಚುಗಳು ಉರಿಯುತ್ತಿದ್ದವು.

"ನಿನ್ನ ಗಂಡನಿಗೆ ಇನ್ನೊಂದು ಕೈ ಉಳಿದಿದೆ, ಕ್ಲೆಲಿಯಕ್ಕಾ," ಎನ್ನುತ್ತ ಅವರ ನಾಯಕ ನೆಲ್ಲೊ ಗೋಡೆಯಲ್ಲಿದ್ದ ಕೊಂಬನ್ನು ತೆಗೆದು ಅವಳ ಮುಂದೆ ಹಿಡಿದ. ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರಿಗೆ ಅವಳೇ ಮುಖಂಡೆ. ಅವಳು ಮೂರು ಸಲ ಉದ್ದಕ್ಕೆ ಊದಿದರೆ ಇನ್ನೂರು ಹೆಂಗಸರು ಕೆಸರುಗಾಲಲ್ಲೇ ಚೌಕಕ್ಕೆ ಓಡಿಬರುತ್ತಿದ್ದರು. ಬೇರೆಯವರು ಊದಿದರೆ ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ಅವಳ ಉಸಿರಿನ ಗುರುತು ಎಲ್ಲರಿಗೂ ಇತ್ತು.

"ಊದು. ಅವರು ಬಂದ್ರೆ ಸಾಕು, ಸಂಘ ಇವತ್ತಿಂದ ನಮ್ಮದು ಅಂತ ಸಾರ್ತೀವಿ. ಮುಖಂಡೆ ನೀನೇ ಇರು. ಗದ್ದೆ ಅದೇ, ಕಳೆ ಅದೇ. ಬಾವುಟ ಮಾತ್ರ ಬೇರೆ."

"ಎರಡು ವರ್ಷದ ಹಿಂದೆ ಇದೇ ಮೇಜು ಹತ್ತಿ ಜಮೀನ್ದಾರರ ಹೊಟ್ಟೆ ಬಗೀತೀನಿ ಅಂತಿದ್ದೆಯಲ್ಲೋ ನೆಲ್ಲೊ. ಈಗ ಅವರ ಲಾರಿಯಲ್ಲೇ ಬಂದಿದ್ದೀಯಾ," ಅಂದಳು ಕ್ಲೆಲಿಯಾ.

"ಆಗ ಬರೀ ಕೂಗ್ತಿದ್ದೆ, ಯಾರೂ ಹೆದರ್ತಿರಲಿಲ್ಲ," ನೆಲ್ಲೊ ನಕ್ಕ. "ಈಗ ನೋಡು."

ಅವನು ಕಣ್ಸನ್ನೆ ಮಾಡಿದ. ಎಲಿಸೆಯೊನ ಎಡಗೈಯನ್ನು ಮೇಜಿನ ಅಂಚಿಗೆ ಎಳೆದರು. ದೊಣ್ಣೆ ಮೇಲೆದ್ದಿತು. ಎಲಿಸೆಯೊ ಬಾಯಲ್ಲಿದ್ದ ರಕ್ತ ಉಗಿದು ಹೆಂಡತಿಯತ್ತ ಮುಖ ತಿರುಗಿಸಿದ.

"ನಾಳೆಯಿಂದ ನೀನೇ ತುತ್ತು ಹಾಕ್ಬೇಕು ಕಣೇ," ಅಂದ. "ಉಪ್ಪು ಸ್ವಲ್ಪ ಕಮ್ಮಿ ಹಾಕು."

ನೆಲ್ಲೊ ಕೊಂಬನ್ನು ಅವಳ ತುಟಿಗೇ ಒತ್ತಿದ. ಕ್ಲೆಲಿಯಾ ಅದನ್ನು ಕೈಯಿಂದ ಸರಿಸಿದಳು.

"ಊದಲ್ಲ."